ಟ್ರಿಗರ್ ಹಗುರವಾದ ಮೇಲೆ

ಯುಗಾದಿ ಮತ್ತು ರಾಜ್ಯೋತ್ಸವದ ಸಮಾರಂಭಗಳಲ್ಲಿ ರಕ್ತದೊತ್ತಡ ಪರೀಕ್ಷಿಸುವ ಮೇಜಿನ ಹಿಂದೆ ನಮ್ಮನ್ನು ಕಂಡು ಬಲ್ಲ ಸಂಘದ ಬಂಧುಗಳಿಗೆ, ನಾವು ಕೋವಿಯ ವಿಷಯ ಬರೆಯುತ್ತಿರುವುದು ಸೋಜಿಗವೆನಿಸಬಹುದು. ಆದರೆ ಈ ಅಮೆರಿಕೆಯ ನೆಲದಲ್ಲಿ ನಾವು ದಂಪತಿಗಳು ಕೆಲವು ವರ್ಷಗಳಿಂದ ರೂಢಿಸಿಕೊಂಡು ಬಂದ ಹವ್ಯಾಸಗಳಲ್ಲಿ ಲಿವರ್ ಆ್ಯಕ್ಷನ್ ರೈಫಲಿನ ಗುರಿ ಸ್ಪರ್ಧೆಯೂ ಒಂದು. ಈಗ 16 ವರ್ಷದ ಮಗಳೂ ನಮ್ಮೊಡನೆ ಬರುತ್ತಾಳೆ. ಅವಳ ಸಲುವಾಗಿಯೇ ಈ ವರ್ಷ ನಮ್ಮ ರೈಫಲಿನ ಟ್ರಿಗರ್ ಬದಲಾಯಿಸುವ ಮಾತು ಮನೆಯಲ್ಲಿ ಹುಟ್ಟಿತು.

ಈ ಸ್ಪರ್ಧೆ ಮೂಲತಃ ಮೆಕ್ಸಿಕೋ ದೇಶದ್ದು. ಹುಂಜ, ಕಾಡುಹಂದಿ, ಟರ್ಕಿ ಕೋಳಿ, ಟಗರು ಎಂಬ ನಾಲ್ಕು ಉಕ್ಕಿನ ಆಕೃತಿಗಳನ್ನು ಕ್ರಮವಾಗಿ 50, 100, 150 ಮತ್ತು 200 ಮೀಟರ್ ದೂರದಲ್ಲಿ ಸಾಲಾಗಿ ನಿಲ್ಲಿಸಿರುತ್ತಾರೆ. ಯಾವ ಆಸರೆಯೂ ಇಲ್ಲದೆ ನಿಂತು, ದುರ್ಬೀನಿನ ನೆರವಿಲ್ಲದೆ, ಒಂದೊಂದಕ್ಕೆ ಒಂದೊಂದೇ ಗುಂಡಿನಂತೆ ಹೊಡೆಯಬೇಕು. ತಗುಲಿದರೆ ಸಾಲದು, ಆಕೃತಿ ಉರುಳಬೇಕು. ನಿಂತ ಮನುಷ್ಯನ ದೇಹವಾದರೋ ಎಂದೂ ನಿಶ್ಚಲವಲ್ಲ. ಉಸಿರು ಎದೆಯನ್ನು ಎತ್ತುತ್ತದೆ, ನಾಡಿ ತೋಳನ್ನು ಮಿಡಿಸುತ್ತದೆ, ಪಾದಗಳು ಸಮತೋಲ ಕಾಯಲು ಸದಾ ತಿದ್ದಿಕೊಳ್ಳುತ್ತಲೇ ಇರುತ್ತವೆ. ಇಷ್ಟೆಲ್ಲದರ ನಡುವೆ ತೋರುಬೆರಳೊಂದೇ ಉಳಿದ ದೇಹವನ್ನು ಕದಲಿಸದಂತೆ ಹಿಂದೆ ಸರಿಯಬೇಕು.

ನಮ್ಮ ರೈಫಲು ಮಾರ್ಲಿನ್ 336. ಈ ಮಾದರಿ 1948ರಲ್ಲಿ ಹೊರಬಂದದ್ದು. ಅದರ ತೂಕ ಸುಮಾರು 7 ಪೌಂಡ್. ಅದರ ಟ್ರಿಗರನ್ನು ಅಳೆದಾಗ ಸುಮಾರು 6 ಪೌಂಡ್ ಎಳೆತ ತೋರಿಸಿತು. ಎಂದರೆ ಕೋವಿಯ ತೂಕಕ್ಕೆ ಹೆಚ್ಚುಕಡಿಮೆ ಸಮನಾದ ಬಲವನ್ನು ಒಂದು ಬೆರಳು ಹಾಕಬೇಕು. ತೋರುಬೆರಳು ಅಷ್ಟು ಬಲ ಹಾಕುವಾಗ ಉಳಿದ ಬೆರಳುಗಳೂ ತಾವಾಗಿ ಬಿಗಿದುಕೊಳ್ಳುವುದು ಕೈಯ ಸಹಜ ಧರ್ಮ. ಕೈ ಬಿಗಿದರೆ ನಳಿಗೆ ಕದಲುತ್ತದೆ. ಹತ್ತಿರದ ಹುಂಜಕ್ಕೆ ಅದು ಲೆಕ್ಕಕ್ಕಿಲ್ಲ. 200 ಮೀಟರಿನ ಟಗರಿಗೆ ಗುಂಡು ತಪ್ಪಿಸಿ ಹೋಗಲು ಅಷ್ಟೇ ಸಾಕು. ಸಾಲದ್ದಕ್ಕೆ ಈ ಮಾದರಿಯ ಟ್ರಿಗರ್ ಸಡಿಲವಾಗಿ ಅತ್ತಿತ್ತ ತೂಗಾಡುತ್ತದೆ. ಟ್ರಿಗರ್ ಮತ್ತು ಅದರ ಮೇಲೆ ಕುಳಿತು ಹ್ಯಾಮರನ್ನು ಹಿಡಿದಿಡುವ ಸಿಯರ್ ಎರಡು ಬೇರೆ ಬೇರೆ ತುಂಡುಗಳಾಗಿರುವುದೇ ಅದಕ್ಕೆ ಕಾರಣ. ಮಲೆನಾಡಿನ ಕೇಪಿನ ಕೋವಿಗಳಲ್ಲಿ ಕುದುರೆ ಎಂದು ಕರೆಯುವ ಭಾಗವೇ ಈ ಹ್ಯಾಮರ್.

ಪರಿಹಾರಗಳು ಹಲವಿವೆ. ಹ್ಯಾಮರಿನ ಸ್ಪ್ರಿಂಗನ್ನು ಒಂದೆರಡು ಸುತ್ತು ಕತ್ತರಿಸುವವರಿದ್ದಾರೆ. ಎಳೆತ ಹಗುರವಾಗುತ್ತದೆ, ಆದರೆ ಪೆಟ್ಟೂ ಹಗುರವಾಗಿ ತೋಟಾ ಹಾರದೆ ಹೋಗಬಹುದು. ಸಿಯರಿನ ಅಂಚನ್ನು ಅರದಿಂದ ಉಜ್ಜುವವರಿದ್ದಾರೆ. ಕೂದಲೆಳೆಯಷ್ಟು ಹೆಚ್ಚು ಉಜ್ಜಿದರೂ ಹ್ಯಾಮರ್ ತಾನಾಗಿಯೇ ಜಾರಬಹುದು. ಟ್ರಿಗರ್ ಮತ್ತು ಸಿಯರುಗಳನ್ನು ಒಂದೇ ತುಂಡಾಗಿ ಮಾಡಿದ ಸಿದ್ಧ ಭಾಗವನ್ನು ಕೂರಿಸುವುದು ಮೂರನೆಯ ದಾರಿ. ನಾವು ಅದನ್ನೇ ಆರಿಸಿ, ಕೆಲಸವನ್ನು ನುರಿತ ಗನ್‌ಸ್ಮಿತ್ ಒಬ್ಬರಿಗೆ ಒಪ್ಪಿಸಿದೆವು. ಊಟದ ಮೇಜಿನ ಮೇಲೆ ನಾವೇ ಮಾಡಿಕೊಳ್ಳಬಹುದಿತ್ತಲ್ಲ ಎಂದು ಗೆಳೆಯರೊಬ್ಬರು ಕೇಳಿದರು. ವೀಡಿಯೋ ನೋಡಿ ಮನೆಯಲ್ಲೇ ಹೊಲಿಗೆ ಹಾಕಿಕೊಳ್ಳಿ ಎಂದು ನಾವು ಯಾವ ರೋಗಿಗೂ ಹೇಳುವುದಿಲ್ಲ.

ಆ ಹಿರಿಯ ಕಸಬುದಾರರು ಭಾಗ ಕೂರಿಸಿದ್ದಕ್ಕಿಂತ ಪರೀಕ್ಷಿಸಿದ್ದೇ ಹೆಚ್ಚು ಹೊತ್ತು. ಲಿವರ್ ಪೂರ್ತಿ ಮುಚ್ಚಿಕೊಳ್ಳುವ ತನಕ ಟ್ರಿಗರ್ ಕೆಲಸ ಮಾಡದಂತೆ ತಡೆಯುವ ಸಣ್ಣ ಅಡ್ಡವೊಂದು ಈ ರೈಫಲಿನ ಒಳಗಿದೆ. ಅದು ಇನ್ನೂ ತಡೆಯುತ್ತದೆಯೇ ಎಂದು ನೋಡಿದರು. ಬರಿದಾದ ಕೋವಿಯ ಹ್ಯಾಮರ್ ಎಳೆದಿಟ್ಟು, ಹೆಬ್ಬೆರಳಿನಿಂದ ಮುಂದಕ್ಕೆ ಒತ್ತಿದರು. ಹಿಂಬದಿಯನ್ನು ರಬ್ಬರು ಹಾಸಿನ ಮೇಲೆ ಕುಟ್ಟಿದರು. ಹ್ಯಾಮರ್ ಜಾರಲಿಲ್ಲ. ಎಳೆತ ಮೂರೂವರೆ ಪೌಂಡಿಗೆ ಇಳಿದಿತ್ತು. ಇನ್ನೂ ಇಳಿಸಬಹುದೇ ಎಂದು ಮಗಳು ಕೇಳಿದಾಗ, ಚಳಿಯಲ್ಲಿ ಬೆರಳು ಮರಗಟ್ಟಿದ ದಿನವೂ ಇದೇ ಕೋವಿಯನ್ನು ಹಿಡಿಯಬೇಕಲ್ಲ ಎಂದಷ್ಟೇ ಹೇಳಿ ಅವರು ಉಪಕರಣಗಳನ್ನು ಒಳಗಿಟ್ಟರು.

ಆ ದಿನಗಳಲ್ಲಿ ತೀರ್ಥಹಳ್ಳಿಯಿಂದ ಅಮ್ಮ ಬಂದಿದ್ದರು. ಅಡಿಕೆ ತೋಟಕ್ಕೆ ನುಗ್ಗುವ ಹಂದಿ, ಮಂಗಗಳ ಕಾರಣಕ್ಕೆ ಲೈಸೆನ್ಸಿನ ಕೋವಿ ಇಟ್ಟುಕೊಂಡಿದ್ದ, ಚುನಾವಣೆ ಬಂದಾಗಲೆಲ್ಲ ಅದನ್ನು ಠಾಣೆಗೆ ಒಪ್ಪಿಸಿ ರಸೀದಿ ತರುತ್ತಿದ್ದ ಮನೆಯವರು. ಕೋವಿ ಅವರಿಗೆ ಹೊಸದಲ್ಲ. ನಮ್ಮ ಸಂಭ್ರಮವನ್ನೆಲ್ಲ ಕೇಳಿಸಿಕೊಂಡು, ಹುರುಳಿಕಾಯಿಯ ನಾರು ತೆಗೆಯುತ್ತಲೇ, "ಹಗುರ ಮಾಡಿದ್ರೆ ಎಲ್ಲರ ಬೆರಳಿಗೂ ಹಗುರಾನೇ ಅಲ್ವೇನೋ?" ಎಂದರು.

ಆ ಮಾತು ನಮ್ಮಿಬ್ಬರನ್ನೂ ಹಿಡಿದು ನಿಲ್ಲಿಸಿತು. ಟ್ರಿಗರಿಗೆ ಮಗಳ ಪಳಗಿದ ಬೆರಳು, ಆಟಕ್ಕೆ ಬಂದ ನೆರೆಮನೆಯ ಮಗುವಿನ ಬೆರಳು ಎಂಬ ಭೇದ ತಿಳಿಯದು. ಈ ದೇಶದಲ್ಲಿ 1ರಿಂದ 19 ವರ್ಷದವರ ಸಾವಿನ ಕಾರಣಗಳಲ್ಲಿ ಬಂದೂಕು 2020ರಲ್ಲಿ ವಾಹನ ಅಪಘಾತವನ್ನೂ ಹಿಂದಿಕ್ಕಿ ಮೊದಲ ಸ್ಥಾನಕ್ಕೆ ಬಂದಿತು. ಎಲ್ಲ ವಯಸ್ಸಿನವರನ್ನೂ ಸೇರಿಸಿ ನೋಡಿದರೆ, ಬಂದೂಕಿನಿಂದಾಗುವ ಸಾವುಗಳಲ್ಲಿ ಅರ್ಧಕ್ಕಿಂತ ಹೆಚ್ಚು ಆತ್ಮಹತ್ಯೆಗಳು. ಪರೀಕ್ಷೆಯ ಅಂಕ, ಮುರಿದ ಸ್ನೇಹ, ಯಾರಿಗೂ ಹೇಳದ ದುಗುಡ ನಮ್ಮ ಮಕ್ಕಳಿಗೂ ಇವೆ. ಆ ಗಳಿಗೆ ಬಹಳ ಸಲ ಬಂದ ಹಾಗೆಯೇ ಹೋಗುತ್ತದೆ. ಅಷ್ಟು ಹೊತ್ತು ಕೋವಿ ಕೈಗೆ ಸಿಗದಿದ್ದರೆ ಒಂದು ಜೀವ ಉಳಿದೀತು.

ಹೀಗಾಗಿ ಟ್ರಿಗರ್ ಬದಲಾದ ವಾರವೇ ಮನೆಯ ವ್ಯವಸ್ಥೆಯನ್ನೂ ಬಿಗಿಗೊಳಿಸಿದೆವು. ರೈಫಲು ಬರಿದಾಗಿ ಉಕ್ಕಿನ ಕಪಾಟಿನಲ್ಲಿ. ತೋಟಾಗಳು ಬೇರೆ ಕೋಣೆಯಲ್ಲಿ, ಬೇರೆ ಬೀಗದಲ್ಲಿ. ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ ಹೇಳುವುದೂ ಇದನ್ನೇ. ಬೀಗದ ಸಂಖ್ಯೆ ನಮ್ಮಿಬ್ಬರಿಗೆ ಮಾತ್ರ ಗೊತ್ತು. ನನ್ನನ್ನು ನಂಬುವುದಿಲ್ಲವೇ ಎಂದು ಮಗಳು ಮುನಿಸಿಕೊಂಡಳು. ನಂಬಿಕೆಯ ಮಾತಲ್ಲ ಎಂದು ಎಷ್ಟು ಹೇಳಿದರೂ ಅವಳಿಗೆ ಪೂರ್ತಿ ಒಪ್ಪಿಗೆಯಾಗಿಲ್ಲ. ಸ್ಪರ್ಧೆಗೆ ಮಾತ್ರ ತಪ್ಪದೆ ಬರುತ್ತಾಳೆ. ಟಗರುಗಳೂ ಮೊದಲಿಗಿಂತ ಹೆಚ್ಚು ಉರುಳುತ್ತಿವೆ.

ಸದಸ್ಯ ಕುಟುಂಬಗಳಲ್ಲಿ ನಮ್ಮದೊಂದು ಬಿನ್ನಹ. ಮಗುವನ್ನು ಇನ್ನೊಬ್ಬರ ಮನೆಗೆ ಆಟಕ್ಕೋ ರಾತ್ರಿಯ ತಂಗುವಿಕೆಗೋ ಕಳುಹಿಸುವ ಮುನ್ನ, ಮೊಟ್ಟೆ ಹಾಕಿದ ಕೇಕ್ ತಿನ್ನುವುದಿಲ್ಲವೆಂದು, ಕಡಲೆಕಾಯಿ ಒಗ್ಗುವುದಿಲ್ಲವೆಂದು ನಾವು ಸಂಕೋಚವಿಲ್ಲದೆ ತಿಳಿಸುತ್ತೇವೆ. ಅದರ ಜೊತೆಗೇ, ಮನೆಯಲ್ಲಿ ಕೋವಿ ಇದೆಯೇ, ಬೀಗದಲ್ಲಿದೆಯೇ ಎಂದೂ ಕೇಳಿರಿ. ನಿಮ್ಮ ಮನೆಯಲ್ಲೇ ಇದ್ದು ಬೀಗವಿಲ್ಲದಿದ್ದರೆ, ಅನೇಕ ಊರುಗಳ ಪೊಲೀಸರು ಪ್ರಾಜೆಕ್ಟ್ ಚೈಲ್ಡ್‌ಸೇಫ್ ಯೋಜನೆಯಲ್ಲಿ ಕೇಬಲ್ ಬೀಗವನ್ನು ಉಚಿತವಾಗಿ ಕೊಡುತ್ತಾರೆ. ಕೇಳಲು ನಾಲಗೆ ತಡವರಿಸಿದರೆ ಮೊದಲು ನಮ್ಮನ್ನೇ ಕೇಳಿ ರೂಢಿ ಮಾಡಿಕೊಳ್ಳಿ. ನಮ್ಮ ಮನೆಯಲ್ಲಿ ಕೋವಿ ಇದೆ. ಅದನ್ನು ಹೇಗೆ ಇಟ್ಟಿದ್ದೇವೆಂದು, ಬೇಸರಿಸಿಕೊಳ್ಳದೆ, ಕಪಾಟಿನ ಮುಂದೆಯೇ ನಿಲ್ಲಿಸಿ ತೋರಿಸುತ್ತೇವೆ.