ಮನೆಯಾಕೆಯ ರಕ್ತ

ರಾಗಿ ಎಷ್ಟು ಮೂಟೆ ಬಂದಿತು, ತೆಂಗಿನಕಾಯಿ ಎಷ್ಟಕ್ಕೆ ಹೋಯಿತು ಎಂಬ ಲೆಕ್ಕವು ನಮ್ಮ ಕಡೆಯ ಗೃಹಸ್ಥರಿಗೆ ಬಾಯಿಪಾಠವಾಗಿರುತ್ತದೆ. ಆದರೆ ಮನೆಯಾಕೆಯ ಮೈಯಲ್ಲಿ ರಕ್ತದ ಸತ್ತ್ವವೆಷ್ಟಿದೆ ಎಂದು ಕೇಳಿದರೆ ಉತ್ತರ ಹೇಳಬಲ್ಲವರು ವಿರಳ. ಈ ಲೆಕ್ಕವೂ ಗೃಹಸ್ಥನಿಗೆ ಏಕೆ ಬೇಕೆಂಬ ವಿಷಯದಲ್ಲಿ ಎರಡು ಮಾತುಗಳನ್ನು ಅರಿಕೆಮಾಡಿಕೊಳ್ಳುತ್ತೇವೆ.

ಇಟ್ಟಿಗೆಗಳಿಂದ ಮನೆಯಾದಂತೆ ಜೀವಕೋಶಗಳಿಂದ ದೇಹವಾಗಿದೆ. ಪ್ರಾಯದ ಮನುಷ್ಯನ ದೇಹದಲ್ಲಿ ಅವು ಸುಮಾರು 30 ಲಕ್ಷ ಕೋಟಿಯಷ್ಟಿವೆಯೆಂದು ವಿಜ್ಞಾನಿಗಳ ಅಂದಾಜು. ಅವುಗಳಲ್ಲಿ ಹತ್ತಕ್ಕೆ ಎಂಟರಷ್ಟು ಕೆಂಪು ರಕ್ತಕಣಗಳೇ. ಇಟ್ಟಿಗೆಗೆ ಹಸಿವಿಲ್ಲ; ಜೀವಕೋಶಕ್ಕಾದರೋ ಅನ್ನರಸವೂ ಆಮ್ಲಜನಕವೂ ಕ್ಷಣಕ್ಷಣಕ್ಕೂ ಬೇಕು. ಶ್ವಾಸಕೋಶವು ಆಮ್ಲಜನಕವನ್ನು ಒಳಗೆ ತರುತ್ತದೆ, ಕೆಂಪು ಕಣವು ಹೊರುತ್ತದೆ, ಹೃದಯವು ಮುಂದಕ್ಕೆ ನೂಕುತ್ತದೆ. ಹೊರುವ ಶಕ್ತಿಯಿರುವುದು ಕಣದೊಳಗಣ ಹೀಮೋಗ್ಲೋಬಿನ್ನಿನಲ್ಲಿ. ಅದಕ್ಕೆ ಕಬ್ಬಿಣದ ಅಂಶವಿಲ್ಲದೆ ಆಗದು. ಒಂದು ಕಣದ ಆಯುಸ್ಸು ಸುಮಾರು 120 ದಿನ. ಅಳಿದವುಗಳಿಗೆ ಬದಲಾಗಿ ಎಲುಬಿನ ಮಜ್ಜೆಯು ಸೆಕೆಂಡಿಗೆ 20 ಲಕ್ಷದಷ್ಟು ಹೊಸ ಕಣಗಳನ್ನು ಮಾಡುತ್ತಿರುತ್ತದೆ. ಅಳಿದ ಕಣದ ಕಬ್ಬಿಣವನ್ನು ದೇಹವು ಪುನಃ ಬಳಸಿಕೊಳ್ಳುವುದು ನಿಜ. ಆದರೆ ಮುಟ್ಟಿನಲ್ಲಿಯೂ ಹೆರಿಗೆಯಲ್ಲಿಯೂ ಹೊರಹೋದುದನ್ನು ಆಹಾರವೇ ತುಂಬಿಕೊಡಬೇಕು.

ಈ ಜ್ಞಾನವು ಕನ್ನಡಕ್ಕೆ ಹೊಸದಲ್ಲ. ನಮ್ಮ ಜಿಲ್ಲೆಯ ಬೆಳ್ಳಾವೆಯ ಹೆಸರನ್ನು ಹೊತ್ತ ಬೆಳ್ಳಾವೆ ವೆಂಕಟನಾರಣಪ್ಪನವರು 1939ರಲ್ಲಿಯೇ ‘ಜೀವವಿಜ್ಞಾನ’ವೆಂಬ ಗ್ರಂಥವನ್ನು ನಮಗೆ ಕೊಟ್ಟರು. ಪುಸ್ತಕದ ವಿದ್ಯೆಯು ಅಡುಗೆಮನೆಯ ಹೊಸ್ತಿಲನ್ನು ದಾಟುವುದೇ ಕಷ್ಟ.

ಕೊತ್ತಗೆರೆಯ ನಮ್ಮ ಮನೆಯಲ್ಲಿ ಸೊಸೆಯು ಆರು ತಿಂಗಳ ಗರ್ಭಿಣಿಯಾಗಿದ್ದಾಗ ಒಂದು ಬಿಂದಿಗೆ ನೀರೆತ್ತಿದರೆ ಏದುಸಿರುಬಿಡುತ್ತಿದ್ದಳು. ಬಸುರಿಗೆ ಇದು ಸಹಜವೆಂದು ನೆರೆಯವರು ಹೇಳಿದರು. ಆಶಾ ಕಾರ್ಯಕರ್ತೆಯಾದ ಹೆಣ್ಣುಮಗಳು ಒಪ್ಪದೆ ರಕ್ತಪರೀಕ್ಷೆ ಮಾಡಿಸಿದಳು. ಗರ್ಭಿಣಿಗೆ ಡೆಸಿಲೀಟರಿಗೆ 11 ಗ್ರಾಮಾದರೂ ಇರಬೇಕಾದ ಹೀಮೋಗ್ಲೋಬಿನ್ ಅವಳಲ್ಲಿ 8 ಮಾತ್ರ ಇದ್ದಿತು. ಹೊರುವವರು ಕಡಮೆಯಾದುದರಿಂದ ಹೃದಯವು ಇದ್ದವರನ್ನೇ ಬೇಗಬೇಗ ಓಡಿಸುತ್ತಿದ್ದಿತು, ಏದುಸಿರಿಗೆ ಕಾರಣವಿದೇ. ಇಂತಹವಳಿಗೆ ಹೆರಿಗೆಯಲ್ಲಿ ರಕ್ತಸ್ರಾವವು ಹೆಚ್ಚಿದರೆ ಪ್ರಾಣಕ್ಕೇ ಸಂಚಕಾರವೆಂದು ವೈದ್ಯರು ಹೇಳಿದಾಗ ನಮ್ಮ ಎದೆ ಝಲ್ಲೆಂದಿತು.

ಕಬ್ಬಿಣದ ಮಾತ್ರೆ ಮೊದಲಾಯಿತು. ಮಲವು ಕಪ್ಪಾದುದನ್ನು ಕಂಡು ಹುಡುಗಿ ಹೆದರಿದಳು. ಅದು ಮಾತ್ರೆಯ ಗುಣವೆಂದು ತಿಳಿದ ಮೇಲೆ ಧೈರ್ಯ ಬಂದಿತು. ಹುರುಳಿ, ಸೊಪ್ಪು ನಿತ್ಯದ ಅಡುಗೆಗೆ ಬಂದುವು. ಅವುಗಳೊಡನೆ ನಿಂಬೆಯ ಹುಳಿಯಿದ್ದರೆ ಕಬ್ಬಿಣವು ಚೆನ್ನಾಗಿ ಮೈಗೆ ಹತ್ತುವುದು. ಕಾಫಿಯು ಅದನ್ನು ತಡೆಯುವುದರಿಂದ ಊಟಕ್ಕೂ ಕಾಫಿಗೂ ಒಂದು ಗಂಟೆಯ ಅಂತರವನ್ನಿಟ್ಟೆವು. “ನೀವೆಲ್ಲ ಉಂಡ ಮೇಲೆ ನಾನು ಉಣ್ಣುತ್ತೇನೆ, ಅತ್ತೆ” ಎಂದ ಸೊಸೆಗೆ ನಮ್ಮ ಮನೆಯವರು, “ಉಣ್ಣುವವರು ಇಬ್ಬರು, ತಾಯಿ; ನೀನೇ ಮೊದಲು ಕೂತುಕೋ” ಎಂದು ಎಲೆ ಹಾಕಿದರು. ತಿಂಗಳು ತುಂಬುವ ವೇಳೆಗೆ 8 ಇದ್ದುದು ಹತ್ತೂವರೆಯಾಯಿತು. ಹೆರಿಗೆಯು ಸುಖವಾಗಿ ಆಯಿತು.

2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವರ್ಷದ ಸ್ತ್ರೀಯರಲ್ಲಿ ನೂರಕ್ಕೆ ಸುಮಾರು 48 ಮಂದಿಗೆ ರಕ್ತಹೀನತೆಯುಂಟು. ಆದುದರಿಂದ ವಾಚಕರಲ್ಲಿ ನಮ್ಮ ಬಿನ್ನಹವಿಷ್ಟೆ: ಮನೆಯ ಹೆಂಗಸು ಬಳಲಿ ಕುಳಿತರೆ ಸೋಮಾರಿಯೆನ್ನಬೇಡಿ. ಪರೀಕ್ಷೆಗೆ ಬೇಕಾಗುವುದು ಒಂದೆರಡು ಹನಿ ರಕ್ತ. ಗರ್ಭಿಣಿಯರಿಗೆ ಸರಕಾರದ ಆರೋಗ್ಯ ಕೇಂದ್ರಗಳಲ್ಲಿ 180 ದಿನಗಳ ಮಾತ್ರೆಯು ಧರ್ಮಾರ್ಥವಾಗಿ ದೊರೆಯುತ್ತದೆ. ಉಳಿದುದು ಎಲೆಯ ಮುಂದೆ ಅವಳನ್ನು ಎಷ್ಟು ಹೊತ್ತಿಗೆ ಕೂರಿಸುತ್ತೀರಿ ಎಂಬುದರಲ್ಲಿದೆ.