ಕಾರು ನನ್ನನ್ನು ಕೇಳಿದ ಪ್ರಶ್ನೆ

ನಮ್ಮ ಮನೆ ರಸ್ತೆಗಿಂತ ಕೆಳಗಿದೆ. ಗೇಟಿನಿಂದ ಅಂಗಳದವರೆಗೆ ಒಂದೇ ಇಳಿಜಾರು. ಕರಾವಳಿಯ ಓದುಗರಿಗೆ ಇದನ್ನು ವಿವರಿಸಬೇಕಾಗಿಲ್ಲ.

2009ರ ಒಂದು ಸಂಜೆ ನಾನು ನಮ್ಮ ಹಳೆಯ ಕಾರನ್ನು ಗೇಟಿನ ಬಳಿ ನಿಲ್ಲಿಸಿ, ಹ್ಯಾಂಡ್ ಬ್ರೇಕನ್ನು ಅರ್ಧಕ್ಕೆ ಎಳೆದು ಒಳಗೆ ಹೋದೆ. ಗೇರಿನಲ್ಲೂ ಹಾಕಿರಲಿಲ್ಲ. ಐದು ನಿಮಿಷದಲ್ಲಿ ದಡಾರನೆ ಸದ್ದು. ಕಾರು ಉರುಳಿ ಬಂದು ಅಂಗಳದ ಕೊನೆಯ ಗೋಡೆಗೆ ಗುದ್ದಿತ್ತು. ಆ ಗೋಡೆಯ ಬುಡದಲ್ಲಿ ಆಡುತ್ತಿದ್ದ ಮಕ್ಕಳನ್ನು ಅತ್ತೆ ಆಗಷ್ಟೇ ಚಹಾಕ್ಕೆಂದು ಒಳಗೆ ಕರೆದಿದ್ದರು. ಇಂದಿಗೂ ನೆನೆದರೆ ಎದೆ ನಡುಗುತ್ತದೆ.

ಆ ಮೇಲೆಯೇ ನಾನು ಹ್ಯಾಂಡ್ ಬ್ರೇಕ್ ಎಂದರೇನೆಂದು ಮೆಕ್ಯಾನಿಕ್ ಬಳಿ ಕೇಳಿ ತಿಳಿದದ್ದು. ಕಾಲಿನ ಬ್ರೇಕ್ ಎಣ್ಣೆಯ ಒತ್ತಡದಿಂದ ನಾಲ್ಕೂ ಚಕ್ರಗಳನ್ನು ಹಿಡಿಯುತ್ತದೆ. ಹ್ಯಾಂಡ್ ಬ್ರೇಕಿಗೆ ಆ ಎಣ್ಣೆ ಬೇಕಿಲ್ಲ. ಲಿವರ್ ಎಳೆದಾಗ ಉಕ್ಕಿನ ಕೇಬಲ್ ಬಿಗಿಯಾಗಿ, ಹೆಚ್ಚಿನ ಕಾರುಗಳಲ್ಲಿ ಹಿಂದಿನ ಎರಡು ಚಕ್ರಗಳನ್ನು ಮಾತ್ರ ಹಿಡಿಯುತ್ತದೆ. ಅರ್ಧ ಎಳೆದರೆ ಹಿಡಿತವೂ ಅರ್ಧ. ಲಿವರ್ ದಿನದಿಂದ ದಿನಕ್ಕೆ ಹೆಚ್ಚು ಮೇಲೆ ಬರುತ್ತಿದ್ದರೆ ಕೇಬಲ್ ಸಡಿಲವಾಗಿದೆ ಅಥವಾ ಒಳಗಿನ ಲೈನರ್ ಸವೆದಿದೆ ಎಂದರ್ಥ.

2023ರಲ್ಲಿ ನಮ್ಮವರು ರಜೆಯಲ್ಲಿ ಬಂದಾಗ ಹೊಸ ಕಾರು ಕೊಂಡರು. ಆಟೋಮ್ಯಾಟಿಕ್ ಗೇರು, ಎಳೆಯಲು ಲಿವರೇ ಇಲ್ಲ, ಬೆರಳಿನಷ್ಟು ಸ್ವಿಚ್. ಅದನ್ನು ಎತ್ತಿದರೆ ಹಿಂದಿನ ಚಕ್ರಗಳಲ್ಲಿರುವ ಪುಟ್ಟ ಮೋಟಾರುಗಳು ಬ್ರೇಕನ್ನು ಬಿಗಿ ಮಾಡುತ್ತವೆ. ಹೊರಡುವಾಗ ಆಕ್ಸಿಲರೇಟರ್ ಮೆಲ್ಲಗೆ ಒತ್ತಿದರೆ ಸಾಕು, ತಾನಾಗಿ ಬಿಡುತ್ತದೆ. ನಮ್ಮವರು ದುಬೈಗೆ ಮರಳಿದರು. ಕಾರು ನನ್ನ ಪಾಲಿಗೆ ಬಂತು.

ಒಂದು ದಿನ ಬೆಳಗಿನ ಜಾವ ಅತ್ತೆಗೆ ಶುಗರ್ ಇಳಿದು ಮೈಯೆಲ್ಲ ಬೆವರಿತು. ಸಕ್ಕರೆ ನೀರು ಕುಡಿಸಿ ಕಾರಿನಲ್ಲಿ ಕೂರಿಸಿದೆ. ಆದರೆ ಕಾರು ಕದಲಲಿಲ್ಲ! ಆಕ್ಸಿಲರೇಟರ್ ಒತ್ತಿದರೆ ಇಂಜಿನ್ ಗುರುಗುಟ್ಟುತ್ತದೆ, ಮುಂದೆ ಕೆಂಪು ದೀಪ ಉರಿಯುತ್ತಲೇ ಇದೆ. ಅಳು ಬಂತು. ದುಬೈಯಲ್ಲಿ ಆಗ ಇನ್ನೂ ನಾಲ್ಕು ಗಂಟೆ. ಫೋನ್ ಮಾಡಿದೆ.

"ಬೆಲ್ಟ್ ಹಾಕಿದ್ದೀಯಾ?" ಎಂದು ಕೇಳಿದರು.

ಹಾಕಿರಲಿಲ್ಲ. ಅತ್ತೆಯನ್ನು ಕೂರಿಸಿದ ಅವಸರದಲ್ಲಿ ನನ್ನ ಬಾಗಿಲೂ ಸರಿಯಾಗಿ ಮುಚ್ಚಿರಲಿಲ್ಲ. ಎರಡನ್ನೂ ಸರಿಪಡಿಸಿ ಒತ್ತಿದೆ. ಕೆಂಪು ದೀಪ ಆರಿತು, ಕಾರು ಏರು ಹತ್ತಿತು. ಅತ್ತೆ ಮಧ್ಯಾಹ್ನದ ಊಟಕ್ಕೆ ಮನೆಯಲ್ಲಿದ್ದರು.

ಸಹೋದರಿಯರೇ, ನಿಮ್ಮ ಮನೆಗೂ ಇಂತಹ ಕಾರು ಬಂದಿದ್ದರೆ ಇಷ್ಟು ನೆನಪಿಡಿ. ಬ್ರೇಕ್ ತಾನಾಗಿ ಬಿಡದಿದ್ದರೆ ಬಲವಾಗಿ ಆಕ್ಸಿಲರೇಟರ್ ತುಳಿಯಬೇಡಿ. ಇಂಜಿನ್ ಚಾಲೂ ಇದೆಯೇ, ಬಾಗಿಲು ಮುಚ್ಚಿದೆಯೇ, ಬೆಲ್ಟ್ ಹಾಕಿದೆಯೇ, ಗೇರು ಡಿ ಅಥವಾ ಆರ್‌ನಲ್ಲಿದೆಯೇ ನೋಡಿ. ಆಗಲೂ ಬಿಡದಿದ್ದರೆ ಕಾಲಿನ ಬ್ರೇಕನ್ನು ಗಟ್ಟಿಯಾಗಿ ಒತ್ತಿ ಹಿಡಿದು ಸ್ವಿಚ್ ಮೂಲಕ ಬಿಡಿಸಿ. ಬ್ಯಾಟರಿ ಸತ್ತಿದ್ದರೆ ಮೋಟಾರು ತಿರುಗದು. ಮೊದಲು ಇನ್ನೊಂದು ಬ್ಯಾಟರಿಯಿಂದ ವಿದ್ಯುತ್ ಕೊಡಿಸಬೇಕು. ದೀಪ ಮಿಣುಕುತ್ತಲೇ ಇದ್ದರೆ ಅಥವಾ ಹಳದಿ ದೀಪವೂ ಉರಿದರೆ ಮೆಕ್ಯಾನಿಕ್‌ಗೆ ಬಿಡಿ. ಕಾರುಗಳಲ್ಲಿ ಸಣ್ಣಪುಟ್ಟ ವ್ಯತ್ಯಾಸಗಳಿರುತ್ತವೆ, ಆದ್ದರಿಂದ ಕಾರಿನ ಜೊತೆ ಕೊಟ್ಟ ಪುಸ್ತಕವನ್ನು ಒಮ್ಮೆಯಾದರೂ ಓದಿ.

ಆ ದಿನ ಕಾರು ಕೆಟ್ಟಿದೆ ಎಂದು ನಾನು ಶಪಿಸಿದ್ದೆ. ಆದರೆ ಅದು, "ನೀನು ಹೊರಡಲು ಸಿದ್ಧಳಿದ್ದೀಯಾ?" ಎಂದಷ್ಟೇ ಕೇಳುತ್ತಿತ್ತು. 2009ರ ಆ ಸಂಜೆ ಕಾರಿನಿಂದ ಇಳಿಯುವ ಮೊದಲು ನನ್ನನ್ನು ನಾನೇ ಅಂತಹದೊಂದು ಪ್ರಶ್ನೆ ಕೇಳಿಕೊಂಡಿರಲಿಲ್ಲ. ಈಗ ಪ್ರತಿದಿನ ಕೇಳಿಕೊಳ್ಳುತ್ತೇನೆ.