ಕೊಟ್ಟಿಗೆಗೊಂದು ದೀಪ

ನಮ್ಮ ನೀಲಗಿರಿಯಲ್ಲಿ ಪೈಕಾರಾ ನದಿಯ ನೀರು 1932ರಲ್ಲೇ ವಿದ್ಯುತ್ತಾಯಿತು. ಆದರೂ ಗೂಡಲೂರಿನ ಮಳೆಗಾಲದಲ್ಲಿ ತೊಯ್ದ ಕೊಟ್ಟಿಗೆಗೆ 230 ವೋಲ್ಟಿನ ತಂತಿ ಎಳೆಯಲು ನಮಗೆ ಮನಸ್ಸೊಪ್ಪಲಿಲ್ಲ. ಒದ್ದೆ ನೆಲದ ಹಸುವಿಗೆ ಅಲ್ಪ ಸೋರಿಕೆಯೂ ಮೃತ್ಯುವೇ.

ಗುಜರಿಯ ಮೈಕ್ರೋವೇವ್ ಒಲೆಯೊಂದರ ಟ್ರಾನ್ಸ್‌ಫಾರ್ಮರನ್ನು ತಂದೆವು. ಅದರ ಎರಡನೆಯ ಸುರುಳಿ ಸುಮಾರು 2000 ವೋಲ್ಟು ಹೊರಡಿಸತಕ್ಕದ್ದು. ಜೊತೆಗಿರುವ ಕೆಪಾಸಿಟರಂತೂ ಒಲೆ ಆರಿದ ಮೇಲೂ ಕೊಲ್ಲಬಲ್ಲುದು. ಆದುದರಿಂದ ಬಿಚ್ಚುವ ಕೆಲಸವನ್ನು ಬಲ್ಲವರಿಗೇ ವಹಿಸಿದೆವು. ಮೊದಲ ಸುರುಳಿಗೆ ಗರಗಸ ತಾಗದಂತೆ ಎರಡನೆಯದನ್ನು ಕೊಯ್ದು ತೆಗೆದು, ಆ ಜಾಗದಲ್ಲಿ ಹೊದಿಕೆಯುಳ್ಳ ದಪ್ಪ ತಾಮ್ರದ ತಂತಿಯನ್ನು ಹತ್ತು ಸುತ್ತು ಸುತ್ತಿ ಅಳೆದೆವು. ಮೀಟರು ಒಂಬತ್ತು ವೋಲ್ಟು ತೋರಿತು. ಇನ್ನು ಮೂರು ಸುತ್ತು ಸಾಕಾದುವು.

ಕಬ್ಬಿಣದ ಮೈಗೆ ಭೂಸಂಪರ್ಕ ಕೊಟ್ಟು, ಫ್ಯೂಸು ಹಾಕಿ, ಟ್ರಾನ್ಸ್‌ಫಾರ್ಮರನ್ನು ಮನೆಯೊಳಗೇ ಇರಿಸಿದ್ದೇವೆ. ಕೊಟ್ಟಿಗೆಗೆ ಹೋಗುವುದು ಹನ್ನೆರಡು ವೋಲ್ಟು ಮಾತ್ರ. ದೀಪವಿಲ್ಲದೆ ಬರಿದೇ ಬಿಟ್ಟರೂ ಕಾಯುವುದು ಇದರ ಕೆಟ್ಟ ಗುಣ. ಹಾಲು ಕರೆದಾದ ಕೂಡಲೇ ಆರಿಸುತ್ತೇವೆ.